ಓಡುವ ಮಗನಿಗೆ ಹಾರ್ಟ್ ಪ್ಯಾಕೇಜ್ ಬೇಕಾ? ಮೊದಲು ಆ ಕೆರೆಯ ವಿಷಯ ಮಾತಾಡೋಣ

ಪ್ರಶ್ನೆ: ಡಾಕ್ಟರೇ, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮಗನಿಗೆ 16 ವರ್ಷ, ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. 400 ಮತ್ತು 800 ಮೀಟರ್ ಓಡುತ್ತಾನೆ. ಮುಂದಿನ ತಿಂಗಳು ಕ್ರೀಡಾ ಹಾಸ್ಟೆಲ್‌ನ ಸೆಲೆಕ್ಷನ್ ಇದೆ. ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಕೇಳಿ ಕೇಳಿ ಮನೆಯವರಿಗೆ ಭಯ ಹತ್ತಿದೆ. ಪಟ್ಟಣದ ಲ್ಯಾಬ್‌ನವರು ‘ಸ್ಪೋರ್ಟ್ಸ್ ಹಾರ್ಟ್ ಪ್ಯಾಕೇಜ್’ ಅಂತ 4,500 ರೂಪಾಯಿ ಹೇಳಿದ್ದಾರೆ. ಇಸಿಜಿ, ಎಕೋ, ಟಿಎಂಟಿ, ಕೊಲೆಸ್ಟ್ರಾಲ್ ಎಲ್ಲಾ ಸೇರಿ. ಮಾಡಿಸಬೇಕಾ? ಇಷ್ಟು ಗಟ್ಟಿಮುಟ್ಟಾಗಿರುವ ಹುಡುಗನಿಗೂ ಹಾರ್ಟ್ ಅಟ್ಯಾಕ್ ಆಗುತ್ತಾ? ಕೋವಿಡ್ ವ್ಯಾಕ್ಸಿನ್‌ನಿಂದ ಏನಾದರೂ ಆಗಿರಬಹುದಾ? ನಮ್ಮ ಎರಡೂ ಕಡೆ ಯಾರಿಗೂ ಹೃದಯದ ಕಾಯಿಲೆ ಇಲ್ಲ. ನನ್ನ ಹೆಂಡತಿಯ ತಮ್ಮ ಮಾತ್ರ 19ನೇ ವಯಸ್ಸಿಗೇ ಹೋಗಿಬಿಟ್ಟ. ಅದು ಕೆರೆಯಲ್ಲಿ ಮುಳುಗಿ. ಚೆನ್ನಾಗಿ ಈಜು ಬರ್ತಿತ್ತು ಅವನಿಗೆ, ಹೇಗಾಯ್ತೋ ಗೊತ್ತಿಲ್ಲ.

ಉತ್ತರ: ನಿಮ್ಮ ಕಾಗದದ ಕೊನೆಯ ಮೂರು ಸಾಲು ಓದಿ ನಾನು ಅಲ್ಲೇ ನಿಂತುಬಿಟ್ಟೆ. ಪ್ಯಾಕೇಜ್, ವ್ಯಾಕ್ಸಿನ್ ಎಲ್ಲಕ್ಕೂ ಬರುತ್ತೇನೆ. ಆದರೆ ‘ಹೃದಯದ ಕಾಯಿಲೆ ಯಾರಿಗೂ ಇಲ್ಲ’ ಅಂತ ಬರೆದು, ಅದರ ಪಕ್ಕದಲ್ಲೇ ನಿಮ್ಮ ಬಾಮೈದನ ವಿಷಯ ಬರೆದಿದ್ದೀರಲ್ಲ, ಅದರಿಂದಲೇ ಶುರು ಮಾಡೋಣ.

ಈಜು ಬರುವ ಹುಡುಗ ನೀರಲ್ಲಿ ಮುಳುಗಿ ಸತ್ತ ಅಂದರೆ ಹೃದಯದ ಡಾಕ್ಟರ ಕಿವಿ ನಿಮಿರುತ್ತದೆ. ಯಾಕೆ ಅಂತ ಹೇಳುತ್ತೇನೆ. ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ಮತ್ತೆ ಚಾರ್ಜ್ ಆಗಬೇಕು. ಇಸಿಜಿ ಕಾಗದದಲ್ಲಿ ಕ್ಯೂ ಅನ್ನುವ ಗೆರೆಯಿಂದ ಟಿ ಅನ್ನುವ ಉಬ್ಬು ಮುಗಿಯುವವರೆಗಿನ ಅಂತರ ಅಂದರೆ ಒಂದು ಬಡಿತದ ಜೊತೆಗೆ ಈ ಚಾರ್ಜ್ ಆಗುವ ಹೊತ್ತೂ ಸೇರಿದ ಲೆಕ್ಕ. ಸಾಮಾನ್ಯವಾಗಿ 400 ಮಿಲಿಸೆಕೆಂಡ್ ಆಸುಪಾಸು, ಅಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ. ಕೆಲವು ಮನೆತನಗಳಲ್ಲಿ ಇದು ನಿಧಾನ, 480, 500 ಆಗುತ್ತದೆ. ಇದಕ್ಕೆ ಲಾಂಗ್ ಕ್ಯೂಟಿ ಅನ್ನುತ್ತೇವೆ. ಸುಮಾರು 2,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ದಿನನಿತ್ಯ ಏನೂ ತೊಂದರೆ ಇಲ್ಲ, ಉಂಡು ತಿಂದು ಓಡಾಡಿಕೊಂಡು ಇರುತ್ತಾರೆ. ಆದರೆ ಚಾರ್ಜ್ ಪೂರ್ತಿ ಆಗುವ ಮೊದಲೇ ಒಂದು ತಪ್ಪು ಬಡಿತ ನುಗ್ಗಿದರೆ ಹೃದಯ ಬಡಿಯುವುದು ಬಿಟ್ಟು ಸುಮ್ನೆ ಅದುರಲು ಶುರುವಾಗುತ್ತದೆ. ರಕ್ತ ಹೋಗುವುದಿಲ್ಲ. ಮನುಷ್ಯ ಕುಸಿಯುತ್ತಾನೆ.

ಇದರಲ್ಲಿ ಒಂದನೇ ಬಗೆ ಅಂತ ಇದೆ. ಅದು ಮೈ ದಂಡಿಸುವಾಗ ಕೈಕೊಡುತ್ತದೆ, ಅದರಲ್ಲೂ ಈಜುವಾಗ ಜಾಸ್ತಿ. ಹೃದಯ ಮೊದಲು ನಿಲ್ಲುತ್ತದೆ, ಆಮೇಲೆ ಆಳು ಮುಳುಗುತ್ತಾನೆ. ಹೆಣ ಮೇಲೆ ತಂದಾಗ ಶ್ವಾಸಕೋಶದಲ್ಲಿ ನೀರಿರುತ್ತದೆ. ‘ನೀರಿನಲ್ಲಿ ಮುಳುಗಿ ಸಾವು’ ಅಂತ ಬರೆದು ಫೈಲು ಮುಚ್ಚುತ್ತಾರೆ. ಪೋಸ್ಟ್‌ಮಾರ್ಟಮ್‌ನಲ್ಲಿ ಹೃದಯವನ್ನು ಕೊಯ್ದು ನೋಡಿದರೂ ಏನೂ ಕಾಣುವುದಿಲ್ಲ. ದೋಷ ಮಾಂಸದಲ್ಲಿಲ್ಲ, ಕರೆಂಟಿನಲ್ಲಿ ಇದೆ. ಸತ್ತ ಮೇಲೆ ಕರೆಂಟ್ ಎಲ್ಲಿರುತ್ತದೆ?

ನಿಮ್ಮ ಬಾಮೈದನಿಗೆ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಹೂಳಲ್ಲಿ ಕಾಲು ಸಿಕ್ಕಿರಬಹುದು, ತಾವರೆ ಬಳ್ಳಿ ಸುತ್ತಿರಬಹುದು, ಮಣ್ಣು ತೆಗೆದ ಗುಂಡಿ ಇದ್ದಿರಬಹುದು. ನಮ್ಮ ಕೆರೆಗಳಲ್ಲಿ ಸಾಯಲು ಕಾರಣಕ್ಕೇನೂ ಬರವಿಲ್ಲ. ಆದರೆ ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಹೆಂಡತಿಯವರನ್ನು, ಆಗದಿದ್ದರೆ ಅತ್ತೆಯವರನ್ನು ಮೆಲ್ಲಗೆ ಕೇಳಿ. ಅವನು ಮುಳುಗುವಾಗ ಕೂಗಿದನಾ, ಕೈಕಾಲು ಬಡಿದನಾ? ಅಥವಾ ಜೊತೆಗಿದ್ದವರು ‘ಈಗ ಇಲ್ಲೇ ಇದ್ದ, ಸದ್ದೇ ಇಲ್ಲದೆ ಹೋದ’ ಅಂದರಾ? ಅದಕ್ಕೆ ಮುಂಚೆ ಯಾವತ್ತಾದರೂ ಓಡುವಾಗ, ಹೆದರಿದಾಗ, ಸಿಟ್ಟು ಬಂದಾಗ ಜ್ಞಾನ ತಪ್ಪಿ ಬಿದ್ದಿದ್ದನಾ? ಚಿಕ್ಕವನಿದ್ದಾಗ ಫಿಟ್ಸ್ ಮಾತ್ರೆ ತಿನ್ನುತ್ತಿದ್ದನಾ? ಆ ಕಡೆ ಬೇರೆ ಯಾರಾದರೂ ಎಳೆ ವಯಸ್ಸಿಗೆ ನಿದ್ದೆಯಲ್ಲೇ ಹೋದವರು, ಕಾರಣವಿಲ್ಲದೆ ಬೈಕ್ ರಸ್ತೆ ಬಿಟ್ಟು ಹೋಗಿ ಸತ್ತವರು ಇದ್ದಾರಾ? ‘ಗಾಳಿ ಮೆಟ್ಟಿಕೊಂಡಿತು’, ‘ಮಾಟ ಮಾಡಿಸಿದರು’ ಅಂತ ಹೇಳುವ ಸಾವುಗಳನ್ನೂ ಬಿಡಬೇಡಿ. ನನ್ನ ಅನುಭವದಲ್ಲಿ ಅಂಥ ಕಥೆಗಳ ಒಳಗೇ ಎಷ್ಟೋ ಸಲ ರೋಗದ ಜಾಡು ಇರುತ್ತದೆ.

ಫಿಟ್ಸ್ ಮಾತ್ರೆ ಅಂದಾಗ ಒಬ್ಬ ಹುಡುಗಿ ನೆನಪಾಗುತ್ತಾಳೆ. ಖೋ ಖೋ ಆಡುತ್ತಿದ್ದವಳು. ಮೂರು ವರ್ಷ ಫಿಟ್ಸ್‌ಗೆ ಅಂತ ಮಾತ್ರೆ ನುಂಗಿದ್ದಳು. ತಲೆಯ ಸ್ಕ್ಯಾನ್ ಆಗಿತ್ತು, ಮಿದುಳಿನ ಕರೆಂಟ್ ನೋಡುವ ಇಇಜಿ ಎರಡು ಸಲ ಆಗಿತ್ತು. ಫೈಲು ಈ ದಪ್ಪ. ಅವಳ ತಾಯಿ ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು, ‘ಸಾರ್, ಬೆಳಿಗ್ಗೆ ಅಲಾರಾಂ ಹೊಡೆದಾಗ ಮಾತ್ರ ಬೀಳ್ತಾಳೆ. ಬೇರೆ ಟೈಮಲ್ಲಿ ಒಂದು ಸಲವೂ ಬಿದ್ದಿಲ್ಲ.’ ಮತ್ತೆ ಕೂರಿಸಿ ಇಸಿಜಿ ತೆಗೆದೆವು. ಕ್ಯೂಟಿ 520. ಲಾಂಗ್ ಕ್ಯೂಟಿಯ ಎರಡನೇ ಬಗೆಯವರು ಹೀಗೆ ದಿಢೀರ್ ಶಬ್ದಕ್ಕೆ ಬೀಳುತ್ತಾರೆ. ಅಷ್ಟು ದಪ್ಪ ಫೈಲಿನಲ್ಲಿ ಒಂದು ಇಸಿಜಿ ಕಾಗದ ಇರಲಿಲ್ಲ ನೋಡಿ.

ಈಗ ಲೆಕ್ಕ. ಈ ದೋಷ ನಿಮ್ಮ ಬಾಮೈದನಿಗೆ ತಂದೆ ತಾಯಿಯಿಂದ ಬಂದಿದ್ದರೆ, ಅವನ ಅಕ್ಕನಿಗೂ ಅಂದರೆ ನಿಮ್ಮ ಹೆಂಡತಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗೆ ಇದ್ದರೆ ಮಗನಿಗೆ ಮತ್ತೆ ಅರ್ಧಕ್ಕರ್ಧ. ಆದ್ದರಿಂದ ಮೊದಲ ಇಸಿಜಿ ಇಬ್ಬರಿಗೂ, ತಾಯಿಗೂ ಮಗನಿಗೂ. ಪ್ಯಾಕೇಜ್ ಹೇಳಿದವರು ತಾಯಿಯ ಹೆಸರು ಎತ್ತಿಲ್ಲ ಅಲ್ವಾ? ಅವರು ಕುಟುಂಬದ ಬಗ್ಗೆ ಕೇಳಿಯೇ ಇಲ್ಲ ಅಂತ ಕಾಣುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ಹಳೇ ರೂಢಿ. ತಂದೆ ತಾಯಿ ಇಬ್ಬರೂ ಒಂದೇ ದೋಷ ಹೊತ್ತಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬರಬಹುದು. ಅಂಥ ಒಂದು ರೂಪದಲ್ಲಿ ಮಗು ಹುಟ್ಟುಕಿವುಡಾಗಿರುತ್ತದೆ, ಜೊತೆಗೆ ಕ್ಯೂಟಿ ತುಂಬಾ ಉದ್ದ ಇರುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಗು ಆಡುವಾಗ ಎಚ್ಚರ ತಪ್ಪಿ ಬಿದ್ದರೆ ತಡ ಮಾಡದೆ ಇಸಿಜಿ ತೆಗೆಸಿ.

ಸರಿ, ಗಟ್ಟಿಮುಟ್ಟಾದ ಹುಡುಗನಿಗೆ ಹಾರ್ಟ್ ಅಟ್ಯಾಕ್ ಆಗುತ್ತಾ ಅಂತ ಕೇಳಿದ್ದೀರಿ. ತೋಟಕ್ಕೆ ಪಂಪ್‌ಸೆಟ್ ಇದ್ದೇ ಇರುತ್ತದೆ, ಅದನ್ನೇ ತಗೊಳ್ಳಿ. ನೀರು ನಿಲ್ಲಲು ಎರಡು ಕಾರಣ. ಒಂದು, ಪೈಪಲ್ಲಿ ಕಸ ಕಟ್ಟಿಕೊಂಡಿದೆ. ಎರಡು, ಪೈಪೆಲ್ಲ ಸರಿ ಇದೆ, ಕರೆಂಟ್ ಏರುಪೇರಾಗಿ ಸ್ಟಾರ್ಟರ್ ಬಿದ್ದುಹೋಗಿದೆ. ಹಾರ್ಟ್ ಅಟ್ಯಾಕ್ ಅಂದರೆ ಪೈಪಿನ ಸಮಸ್ಯೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು ಇದಕ್ಕೆ ದಾರಿ. 35 ದಾಟಿದವರು ಆಟದಲ್ಲೋ ಜಿಮ್ಮಿನಲ್ಲೋ ಕುಸಿದರೆ ಜಾಸ್ತಿ ಸಲ ಇದೇ. 35ರೊಳಗಿನ ಆಟಗಾರರಲ್ಲಿ ಕಥೆ ಬೇರೆ. ಅವರಲ್ಲಿ ಹುಟ್ಟಿನಿಂದಲೇ ಬಂದ ದೋಷಗಳೇ ಹೆಚ್ಚು. ಲಾಂಗ್ ಕ್ಯೂಟಿ ಒಂದಾಯಿತು. ಹೃದಯದ ಗೋಡೆ ಬೇಕಿಲ್ಲದೆ ದಪ್ಪವಾಗುವ ಕಾಯಿಲೆ ಇನ್ನೊಂದು, ಇದು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳ ಹುಟ್ಟಬೇಕಾದ ಜಾಗದಲ್ಲಿ ಹುಟ್ಟದೆ ಬೇರೆ ಕಡೆ ಹುಟ್ಟಿ ಅಡಕತ್ತರಿಯಲ್ಲಿ ಸಿಕ್ಕಂತೆ ಇರುವುದು ಮತ್ತೊಂದು. ಜ್ವರದ ವೈರಸ್ ಹೃದಯದ ಮಾಂಸಕ್ಕೆ ಇಳಿದು ಊತ ಬರುವುದೂ ಇದೆ. ಇವೆಲ್ಲ ಕೊನೆಗೆ ಬಂದು ಸೇರುವುದು ಆ ಸ್ಟಾರ್ಟರ್ ಬೀಳುವ ಜಾಗಕ್ಕೇ.

ಎಷ್ಟು ಅಪರೂಪ? ಅಮೆರಿಕದ ಕಾಲೇಜು ಆಟಗಾರರನ್ನು ವರ್ಷಗಟ್ಟಲೆ ಎಣಿಸಿದಾಗ ಹೀಗೆ ಸಾಯುವವರು ವರ್ಷಕ್ಕೆ ಸುಮಾರು 50,000ಕ್ಕೆ ಒಬ್ಬರು ಅಂತ ಬಂತು. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ಹಾಗಾಗಿ ಮಗ ಓಡುವುದನ್ನು ನೋಡಿ ದಿನಾ ಹೆದರಿಕೊಂಡು ಕೂರಬೇಕಿಲ್ಲ. ಕ್ರೀಡೆ ಹೃದಯ ಕೆಡಿಸುವುದಿಲ್ಲ. ಮೊದಲೇ ಇದ್ದ ದೋಷವನ್ನು ಕೆಣಕುತ್ತದೆ, ಅಷ್ಟೇ.

ನಿಮ್ಮ ಜಿಲ್ಲೆಯ ಸುದ್ದಿಯ ಬಗ್ಗೆ ಎರಡೇ ಮಾತು. 2025ರ ಜೂನ್, ಜುಲೈನಲ್ಲಿ ಹಾಸನದ ಸಾವುಗಳು ಟಿವಿಯಲ್ಲಿ ದಿನವಿಡೀ ಓಡಿದವು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗಲೂ ಬೆಂಗಳೂರಿನಲ್ಲಿ ಹೀಗೇ ಆಗಿತ್ತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹಾಸನದ ಸಾವುಗಳನ್ನು ಒಂದೊಂದಾಗಿ ನೋಡಿತು. ಕೋವಿಡ್ ವ್ಯಾಕ್ಸಿನ್‌ಗೂ ಇವಕ್ಕೂ ಸಂಬಂಧ ಕಾಣಲಿಲ್ಲ. ಸತ್ತವರಲ್ಲಿ ಹಲವರಿಗೆ ಮೊದಲೇ ಬಿಪಿ, ಸಕ್ಕರೆ, ಸಿಗರೇಟಿನ ಚರಿತ್ರೆ ಇತ್ತು. ಅಂದರೆ ಬಹುಪಾಲು ಪೈಪಿನ ಕಥೆ. ನಿಮ್ಮ ಮಗನ ವಿಷಯದಲ್ಲಿ ವ್ಯಾಕ್ಸಿನ್ ಚಿಂತೆ ಬಿಡಿ. ಕೆರೆಯ ಚಿಂತೆ ಇಟ್ಟುಕೊಳ್ಳಿ.

ಇನ್ನು ಪ್ಯಾಕೇಜ್. ಕೊಲೆಸ್ಟ್ರಾಲ್ ಟೆಸ್ಟಿನಿಂದ 16ರ ಓಟಗಾರನ ಹಠಾತ್ ಸಾವಿನ ಭಯ ಇಂಚೂ ಕಡಿಮೆಯಾಗುವುದಿಲ್ಲ, ಬಿಡಿ. ಟಿಎಂಟಿ ಅಂದರೆ ಟ್ರೆಡ್‌ಮಿಲ್ ಮೇಲೆ ಓಡಿಸಿ ತೆಗೆಯುವ ಇಸಿಜಿ. ಅದನ್ನು ಲ್ಯಾಬ್‌ನವರು ಮಾಡುವುದು ರಕ್ತನಾಳದ ಬ್ಲಾಕ್ ಹುಡುಕಲು. ಈ ವಯಸ್ಸಿಗೆ ಬ್ಲಾಕ್ ಎಲ್ಲಿಂದ ಬರುತ್ತದೆ? ಆದರೆ ಅದೇ ಟ್ರೆಡ್‌ಮಿಲ್ ಮೇಲೆ ಬೇರೆ ಪ್ರಶ್ನೆ ಕೇಳಬಹುದು: ಓಡಿ ನಿಂತ ಮೇಲೆ ಕ್ಯೂಟಿ ಕುಗ್ಗುತ್ತಾ, ಇಲ್ಲ ಹಿಗ್ಗಿಯೇ ಇರುತ್ತಾ? ಓಡುವಾಗ ಅಡ್ಡಾದಿಡ್ಡಿ ಬಡಿತ ಬರುತ್ತಾ? ನಿಮ್ಮ ಮಗನಿಗೆ ಈ ಪ್ರಶ್ನೆ ಬೇಕು. ಅದನ್ನು ಕೇಳಬಲ್ಲವರು ಹೃದ್ರೋಗ ತಜ್ಞರು. ಲ್ಯಾಬ್‌ನವರು ‘ಟಿಎಂಟಿ ನೆಗೆಟಿವ್’ ಅಂತ ಒಂದು ಸೀಲು ಹೊಡೆದು ಕೊಡುತ್ತಾರೆ, ಅದನ್ನು ನೀವು ಧೈರ್ಯ ಅಂತ ಜೇಬಿಗೆ ಹಾಕಿಕೊಂಡು ಬರುತ್ತೀರಿ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಒಳ್ಳೆಯದೇ. ಗೋಡೆ ದಪ್ಪ ಇದೆಯಾ, ಕವಾಟ ಸರಿ ಇದೆಯಾ, ದೊಡ್ಡ ರಕ್ತನಾಳ ಉಬ್ಬಿದೆಯಾ ಅಂತ ಹೇಳುತ್ತದೆ. ಆದರೆ ಕರೆಂಟಿನ ದೋಷ ಎಕೋದಲ್ಲಿ ಕಾಣುವುದಿಲ್ಲ. ಲಾಂಗ್ ಕ್ಯೂಟಿ ಇರುವವರ ಎಕೋ ಎಷ್ಟು ಚೆನ್ನಾಗಿರುತ್ತದೆ ಅಂದರೆ ಪುಸ್ತಕದಲ್ಲಿ ಅಚ್ಚು ಹಾಕಬಹುದು!

ಉಳಿದಿದ್ದು ಇಸಿಜಿ. ನಾಲ್ಕರಲ್ಲಿ ಅಗ್ಗದ್ದೂ ಅದೇ, ನಿಮಗೆ ಜಾಸ್ತಿ ಬೇಕಾದದ್ದೂ ಅದೇ.

‘ಹಾಗಾದರೆ ಎಲ್ಲ ಆಟಗಾರರಿಗೂ ಇಸಿಜಿ ಮಾಡಿಸಿಬಿಡಿ, ಮುಗೀತು’ ಅಂತ ಅನ್ನಿಸಬಹುದು. ಇಲ್ಲಿ ನಮ್ಮ ವೈದ್ಯರಲ್ಲೇ ನಲವತ್ತು ವರ್ಷದಿಂದ ಜಗಳ ಇದೆ. ಇಟಲಿಯಲ್ಲಿ 1982ರಿಂದ ಕಾನೂನೇ ಇದೆ. ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬರೂ ಇಸಿಜಿ ಸಮೇತ ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ತರಬೇಕು. ಅಲ್ಲಿನ ವೆನೆಟೊ ಪ್ರಾಂತ್ಯದ ಲೆಕ್ಕ 2006ರಲ್ಲಿ ಬಂತು. ಕಾನೂನಿಗೆ ಮುಂಚೆ ವರ್ಷಕ್ಕೆ ಒಂದು ಲಕ್ಷ ಯುವ ಆಟಗಾರರಲ್ಲಿ 3.6 ಸಾವು. 2004ರ ಹೊತ್ತಿಗೆ 0.4. ಸುಮಾರು ಹತ್ತರಲ್ಲಿ ಒಂಬತ್ತು ಸಾವು ಕಡಿಮೆಯಾಗಿತ್ತು. ಓದಿದವರೆಲ್ಲ ಬೆರಗಾದರು. ಇಸ್ರೇಲ್‌ನವರು ಕೂಡ 1997ರಲ್ಲಿ ಅದೇ ಥರ ಕಾನೂನು ಮಾಡಿದ್ದರು. ಅವರು 2011ರಲ್ಲಿ ತಮ್ಮ ಲೆಕ್ಕ ಮುಂದಿಟ್ಟರು. ಮುಂಚೆ 2.54, ಆಮೇಲೆ 2.66. ಏನೂ ಬದಲಾಗಿಲ್ಲ! ಅವರು ಸಾವುಗಳನ್ನು ಎಣಿಸಿದ್ದು ಪತ್ರಿಕೆಯ ಸುದ್ದಿಗಳಿಂದ, ಆ ದೌರ್ಬಲ್ಯ ಇದ್ದೇ ಇದೆ. ಇಟಲಿಯ ಲೆಕ್ಕಕ್ಕೂ ಅದರದ್ದೇ ಒಂದು ತಿರುವಿದೆ. ವೆನೆಟೊದಲ್ಲಿ ಹೃದಯದ ಬಲಭಾಗದ ಮಾಂಸ ಕರಗಿ ಕೊಬ್ಬಾಗುವ ಒಂದು ವಂಶದ ಕಾಯಿಲೆ ಹೆಚ್ಚಾಗಿ ಕಂಡುಬರುತ್ತಿತ್ತು. ಅದು ಇಸಿಜಿಗೆ ಸಿಗುವ ಕಾಯಿಲೆ. ಎಲ್ಲ ಊರಲ್ಲೂ ಅದೇ ಫಲ ಸಿಗಬೇಕೆಂದಿಲ್ಲ.

ನನಗೆ ಜಾಸ್ತಿ ಪಾಠ ಕಲಿಸಿದ್ದು ಇಂಗ್ಲೆಂಡಿನ ಲೆಕ್ಕ. ಅಲ್ಲಿ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಿಗೆ ಸೇರುವ ಹುಡುಗರಿಗೆ 16ರ ಆಸುಪಾಸಿನಲ್ಲಿ ಪ್ರಶ್ನೆ, ಪರೀಕ್ಷೆ, ಇಸಿಜಿ, ಎಕೋ ಎಲ್ಲಾ ಮಾಡುತ್ತಾರೆ. 1996ರಿಂದ 2016ರವರೆಗೆ 11,168 ಹುಡುಗ ಹುಡುಗಿಯರು. ಅವರಲ್ಲಿ 42 ಜನರಿಗೆ ಪ್ರಾಣಕ್ಕೆ ಅಪಾಯ ತರುವಂಥ ದೋಷ ಸಿಕ್ಕಿತು. 42 ಮನೆಗಳು ಉಳಿದವು ಅಂತ ಇಟ್ಟುಕೊಳ್ಳಿ. ಆದರೆ ಮುಂದಿನ ವರ್ಷಗಳಲ್ಲಿ ಹೃದಯದ ಕಾರಣಕ್ಕೆ ಸತ್ತ ಎಂಟು ಜನರಲ್ಲಿ ಆರು ಜನ ಇದೇ ತಪಾಸಣೆಯಲ್ಲಿ ಪಾಸಾದವರು! ತಪಾಸಣೆಗೂ ಸಾವಿಗೂ ನಡುವೆ ಸರಾಸರಿ ಆರೇಳು ವರ್ಷ. ಮಾಂಸದ ಕಾಯಿಲೆಗಳು 16ಕ್ಕೆ ಅಡಗಿದ್ದು 20, 22ಕ್ಕೆ ತಲೆ ಎತ್ತಬಹುದು. ಹಾಗಾಗಿ ಒಂದು ಸಲ ಮಾಡಿಸಿ ‘ಆಯ್ತಪ್ಪ’ ಅಂತ ಕೂರುವ ಟೆಸ್ಟ್ ಇದಲ್ಲ.

ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ನಿಮಗೆ ನೆನಪಿರಬಹುದು. 2021ರ ಜೂನ್ 12, ಕೋಪನ್‌ಹೇಗನ್. ಯೂರೋ ಕಪ್ಪಿನಲ್ಲಿ ಫಿನ್‌ಲೆಂಡ್ ವಿರುದ್ಧದ ಪಂದ್ಯ, ಮೊದಲಾರ್ಧ ಮುಗಿಯುತ್ತಾ ಬಂದಿತ್ತು. ಯಾರೂ ಮುಟ್ಟಿಲ್ಲ, ಥ್ರೋ ಬಂದ ಚೆಂಡಿನ ಕಡೆ ಎರಡು ಹೆಜ್ಜೆ ಇಟ್ಟು ಮುಂದಕ್ಕೆ ಬಿದ್ದ. ಅವನು ಲಂಡನ್‌ನ ಟಾಟನ್‌ಹ್ಯಾಮ್ ಕ್ಲಬ್ಬಿನಲ್ಲಿ ವರ್ಷಗಳ ಕಾಲ ತಪಾಸಣೆಯಲ್ಲಿ ನಾರ್ಮಲ್ ಅನ್ನಿಸಿಕೊಂಡವನು. ಆಮೇಲೆ ಇಟಲಿಯ ಇಂಟರ್ ಮಿಲಾನ್‌ಗೆ ಹೋಗಿ ಜಗತ್ತಿನ ಅತಿ ಬಿಗಿಯಾದ ಆ ಕಾನೂನನ್ನೂ ದಾಟಿದ್ದ. ಟೆಸ್ಟ್ ಅವನನ್ನು ಉಳಿಸಲಿಲ್ಲ. ಉಳಿಸಿದ್ದು ಮೈದಾನದ ಅಂಚಿನಲ್ಲಿದ್ದ ಶಾಕ್ ಕೊಡುವ ಯಂತ್ರ, ಓಡಿ ಬಂದು ಎದೆ ಒತ್ತಿದ ಕೈಗಳು. ಒಂದು ಶಾಕ್‌ಗೆ ವಾಪಸ್ ಬಂದ.

ಇನ್ನೊಂದು ತೊಂದರೆ ಇದೆ, ಅದನ್ನೂ ಹೇಳಬೇಕು. ಚೆನ್ನಾಗಿ ಓಡುವವನ ಇಸಿಜಿ ನಮ್ಮ ನಿಮ್ಮ ಇಸಿಜಿ ಥರ ಇರುವುದಿಲ್ಲ. ನಾಡಿ ನಿಮಿಷಕ್ಕೆ 45 ಇರಬಹುದು. ಗೆರೆಗಳು ಎತ್ತರ ಇರಬಹುದು. ಬಡಿತದ ಗೆರೆಗೂ ಟಿ ಉಬ್ಬಿಗೂ ನಡುವಿನ ಎಸ್‌ಟಿ ಭಾಗ ಸ್ವಲ್ಪ ಮೇಲಕ್ಕೆ ಎದ್ದಿರಬಹುದು. ಇವೆಲ್ಲ ದುಡಿದ ಹೃದಯದ ಗುರುತು, ರೋಗ ಅಲ್ಲ. ಯಂತ್ರಕ್ಕೆ ಇದು ಗೊತ್ತಾಗಲ್ಲ. ‘ಅಬ್‌ನಾರ್ಮಲ್’ ಅಂತ ಮೇಲೆ ಅಚ್ಚು ಹಾಕಿಬಿಡುತ್ತದೆ. ಗೊತ್ತಿಲ್ಲದವರು ಅದನ್ನೇ ನಂಬುತ್ತಾರೆ. ನನ್ನ ಬಳಿಗೆ ಬಂದಿದ್ದ ಒಬ್ಬ ಸೈಕ್ಲಿಂಗ್ ಹುಡುಗನನ್ನು ಎಂಟು ತಿಂಗಳು ಮನೆಯಲ್ಲೇ ಕೂರಿಸಿದ್ದರು, ನಾಡಿ ನಿಧಾನ ಅನ್ನೋ ಒಂದೇ ಕಾರಣಕ್ಕೆ. ಪೇಸ್‌ಮೇಕರ್ ಮಾತೂ ಎದ್ದಿತ್ತಂತೆ. ಅವನನ್ನು ಆಸ್ಪತ್ರೆಯ ನಾಲ್ಕು ಮಹಡಿ ಮೆಟ್ಟಿಲು ಹತ್ತಿಸಿದೆ. ನಾಡಿ ಸಲೀಸಾಗಿ 140ಕ್ಕೆ ಏರಿತು. ಅಷ್ಟೇ, ಕಳಿಸಿಕೊಟ್ಟೆ. ಆದರೆ ಹೋದ ಎಂಟು ತಿಂಗಳನ್ನು ನಾನು ವಾಪಸ್ ಕೊಡಲು ಆಗಲಿಲ್ಲ. ಆಟಗಾರರ ಇಸಿಜಿ ಓದಲು ಅಂತಲೇ 2017ರಲ್ಲಿ ಜಗತ್ತಿನ ತಜ್ಞರು ಸೇರಿ ನಿಯಮ ಮಾಡಿದ್ದಾರೆ. ಅದರ ಪ್ರಕಾರ ಕ್ಯೂಟಿ ಹುಡುಗರಲ್ಲಿ 470, ಹುಡುಗಿಯರಲ್ಲಿ 480 ಮುಟ್ಟಿದರೆ ಮುಂದೆ ನೋಡಬೇಕು. ನಾಡಿಯ ವೇಗಕ್ಕೆ ಸರಿಹೊಂದಿಸಿದ ಲೆಕ್ಕ ಇದು. ಯಂತ್ರದ ಅಂಕಿ ಬಿಟ್ಟು, ಸ್ಕೇಲು ಹಿಡಿದು ಕೈಯಲ್ಲಿ ಅಳೆಯುವವರ ಹತ್ತಿರ ಹೋಗಿ.

ನನ್ನ ಅಭಿಪ್ರಾಯ ಕೇಳಿದರೆ: ಬೀದಿಯಲ್ಲಿ ಸಂಜೆ ಗೋಲಿಯೋ ಕ್ರಿಕೆಟ್ಟೋ ಆಡುವ ಮಕ್ಕಳಿಗೆಲ್ಲ ಇಸಿಜಿ ಬೇಡ. ಜಿಲ್ಲಾ ಮಟ್ಟ, ಅದಕ್ಕಿಂತ ಮೇಲೆ ಹೋಗುವವರಿಗೆ 14, 15ಕ್ಕೆ ಒಂದು, ಆಮೇಲೆ ಎರಡು ಮೂರು ವರ್ಷಕ್ಕೊಂದು ತೆಗೆಸಿದರೆ ಒಳ್ಳೆಯದು. ಆದರೆ ಅದಕ್ಕಿಂತ ಮುಂಚೆ ಹತ್ತು ನಿಮಿಷದ ಪ್ರಶ್ನೆಗಳು. ಓಡುವಾಗ ಎಚ್ಚರ ತಪ್ಪಿದ್ದುಂಟಾ? ಓಟ ಮುಗಿಸಿ ನಿಂತ ಮೇಲೆ ತಲೆ ಸುತ್ತುವುದು ಸಾಮಾನ್ಯ, ಓಡುತ್ತಿರುವಾಗಲೇ ಬೀಳುವುದು ಸಾಮಾನ್ಯ ಅಲ್ಲ. ಜೊತೆಯವರಿಗಿಂತ ಬೇಗ ಏದುಸಿರು ಬರುತ್ತಾ? ಎದೆ ಹಿಡಿದಂತಾಗುತ್ತಾ? 50ರೊಳಗೆ ಹಠಾತ್ತಾಗಿ ಹೋದವರು ಮನೆಯಲ್ಲಿ ಇದ್ದಾರಾ? ಎದೆಗೆ ಕೊಳವೆ ಇಟ್ಟು ಕೇಳುವುದು, ಬಿಪಿ, ತೊಡೆಸಂದಿಯ ನಾಡಿ. ವಿಪರೀತ ಎತ್ತರ, ಉದ್ದುದ್ದ ಬೆರಳು ಇದ್ದರೆ ಅದನ್ನೂ ಗಮನಿಸಬೇಕು. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ ಎರಡೇ ವರ್ಷದಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕೂತಿದ್ದಾಗ ಕುಸಿದು ಸತ್ತರು. ಎತ್ತರ ಕೊಟ್ಟ ಕಾಯಿಲೆಯೇ ದೊಡ್ಡ ರಕ್ತನಾಳವನ್ನು ಸೀಳಿತ್ತು. ಎಲ್ಲರೂ ನೋಡಿದ್ದು ಎತ್ತರವನ್ನು ಮಾತ್ರ.

ಮೈದಾನದ ವಿಷಯಕ್ಕೆ ಬರೋಣ, ಇದು ನಿಮ್ಮ ಮಗನ ಕೋಚ್ ಓದಲೇಬೇಕಾದ ಭಾಗ. 2012ರ ಮಾರ್ಚ್ 17ರಂದು ಲಂಡನ್‌ನಲ್ಲಿ ಬೋಲ್ಟನ್ ಫುಟ್‌ಬಾಲ್ ತಂಡದ ಫ್ಯಾಬ್ರಿಸ್ ಮುಆಂಬಾ ಮೈದಾನದಲ್ಲಿ ಕುಸಿದ. ನೋಡಲು ಬಂದಿದ್ದ ಒಬ್ಬ ಹೃದ್ರೋಗ ತಜ್ಞರು ಗ್ಯಾಲರಿಯಿಂದ ಇಳಿದು ಓಡಿ ಬಂದರು. ಹೃದಯ 78 ನಿಮಿಷ ತಾನಾಗಿ ಬಡಿಯಲಿಲ್ಲ. ಒತ್ತುವುದನ್ನು ಯಾರೂ ನಿಲ್ಲಿಸಲಿಲ್ಲ. ಬದುಕಿದ. ಅದಾಗಿ ನಾಲ್ಕೇ ದಿನಕ್ಕೆ, ಮಾರ್ಚ್ 21ರಂದು, ಬೆಂಗಳೂರಿನ ಒಂದು ಲೀಗ್ ಪಂದ್ಯದಲ್ಲಿ 27ರ ಹುಡುಗನೊಬ್ಬ ಪಂದ್ಯ ಮುಗಿಯುವ ಹೊತ್ತಿಗೆ ಕುಸಿದ. ಆಂಬ್ಯುಲೆನ್ಸ್ ಇರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಹೋದರು. ಉಳಿಯಲಿಲ್ಲ. ಅದಕ್ಕೂ ಏಳು ವರ್ಷ ಮುಂಚೆ, 2004ರ ಡಿಸೆಂಬರ್ 5ರಂದು, ಕಂಠೀರವ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುವ ರಭಸದಲ್ಲಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. ವಯಸ್ಸು 25. ಈ ಮೂರು ಹೃದಯಗಳಲ್ಲಿ ದೋಷ ಒಂದೇ ಇತ್ತು ಅಂತಲ್ಲ. ಬಿದ್ದ ಮೇಲಿನ ಐದು ನಿಮಿಷ ಹೇಗಿತ್ತು ಅನ್ನುವುದನ್ನು ಹೋಲಿಸಿ ನೋಡಿ ಅಂತ ಹೇಳಿದೆ.

ಆ ಐದು ನಿಮಿಷ ನಮ್ಮ ಹಳ್ಳಿ ಮೈದಾನದಲ್ಲಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಹುಡುಗ ಬಿದ್ದ. ಕೈಕಾಲು ಸ್ವಲ್ಪ ಅದುರಿದವು, ಬಾಯಿ ತೆರೆದು ಮೀನಿನ ಥರ ಗಕ್ ಗಕ್ ಅಂತ ಉಸಿರು ಎಳೆದ. ‘ಫಿಟ್ಸು, ಫಿಟ್ಸು’ ಅಂತ ಯಾರೋ ಕೂಗುತ್ತಾರೆ. ಬೈಕಿನ ಕೀಲಿಯನ್ನು ಬಿದ್ದವನ ಕೈಗೆ ತುರುಕುತ್ತಾರೆ. ಒಬ್ಬರು ಈರುಳ್ಳಿ ತರಲು ಓಡುತ್ತಾರೆ. ಒಬ್ಬರು ಮುಖಕ್ಕೆ ನೀರು ಎರಚುತ್ತಾರೆ. ಸುತ್ತ ಜನ, ಮೊಬೈಲು. ಮೂರು ನಿಮಿಷ ಹೋಯಿತು. ಹೃದಯ ನಿಂತಾಗ ಮೊದಲ ಕ್ಷಣಗಳಲ್ಲಿ ಮೈ ಹೀಗೇ ಅದುರುತ್ತದೆ, ಉಸಿರು ಹೀಗೇ ಗೊರಗೊರ ಅನ್ನುತ್ತದೆ. ಅದು ಉಸಿರಾಟ ಅಲ್ಲ. ಆಡುತ್ತಾ ಇದ್ದವನು ದಿಢೀರ್ ಬಿದ್ದು, ಕರೆದರೆ ಮಾತಿಲ್ಲ, ಉಸಿರು ಸರಿ ಇಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. ಒಬ್ಬರು 108ಕ್ಕೆ ಫೋನ್. ಇನ್ನೊಬ್ಬರು ಎದೆಯ ನಡುವೆ, ಮೂಳೆಯ ಮೇಲೆ, ಅಂಗೈ ಮೇಲೆ ಅಂಗೈ ಇಟ್ಟು ಮೊಣಕೈ ಮಡಿಸದೆ ಒತ್ತಬೇಕು. ಎರಡು ಇಂಚು ಕೆಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಸಲ. ಪಕ್ಕೆಲುಬು ಲಟಕ್ ಅಂದರೂ ನಿಲ್ಲಿಸಬೇಡಿ, ಮುರಿದ ಪಕ್ಕೆಲುಬು ಕೂಡುತ್ತದೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. ಶಾಕ್ ಯಂತ್ರ, ಅಂದರೆ ಎಇಡಿ, ಇದ್ದರೆ ತಂದ ತಕ್ಷಣ ಅಂಟಿಸಿ. ಅದು ತಾನೇ ಮಾತಾಡಿ ದಾರಿ ಹೇಳುತ್ತದೆ. ಬೇಡದವರಿಗೆ ಶಾಕ್ ಕೊಡುವುದಿಲ್ಲ. ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ 7ರಿಂದ 10 ಶೇಕಡಾ ಇಳಿಯುತ್ತದೆ.

ಒಂದು ಎಇಡಿಗೆ ಲಕ್ಷ ರೂಪಾಯಿಯ ಆಸುಪಾಸು. ಹೊನಲು ಬೆಳಕಿನ ಕಬಡ್ಡಿಗೆ ಶಾಮಿಯಾನ, ಲೈಟು, ಸೌಂಡು, ಕಪ್ಪು, ಬಂದ ಅತಿಥಿಗಳಿಗೆಲ್ಲ ಹಾರ ಶಾಲು ಅಂತ ಎಷ್ಟು ಖರ್ಚಾಗುತ್ತದೆ ಅಂತ ಸಂಘದವರನ್ನು ಕೇಳಿ ನೋಡಿ.

ಒಂದು ವೇಳೆ ಮಗನಿಗೆ ಲಾಂಗ್ ಕ್ಯೂಟಿ ಇದೆ ಅಂತಲೇ ಆದರೆ? ಓಟ ಮುಗಿಯಿತಾ? ಹತ್ತು ಹದಿನೈದು ವರ್ಷದ ಹಿಂದೆ ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಆಗ ನಿಯಮ ಹಾಗಿತ್ತು, ಹೆಸರು ಬಂದರೆ ಬೂಟು ಕಳಚು. ಈಗ ಹಾಗಿಲ್ಲ. ದಿನಾ ತಪ್ಪದೆ ಹೃದಯದ ಬಡಿತ ಹತೋಟಿಯಲ್ಲಿಡುವ ಬೀಟಾ ಬ್ಲಾಕರ್ ಮಾತ್ರೆ, ವರ್ಷವರ್ಷ ಪರೀಕ್ಷೆ, ಮೈದಾನದಲ್ಲಿ ಎಇಡಿ, ಗೊತ್ತಿರುವ ಕೋಚ್. ಇಷ್ಟಿದ್ದು, ತಜ್ಞರು ಮತ್ತು ಮನೆಯವರು ಕೂತು ಮಾತಾಡಿ ಒಪ್ಪಿ ಆಡುವವರು ಎಷ್ಟೋ ಜನ ಇದ್ದಾರೆ. ಅಮೆರಿಕದ ಈಜುಗಾರ್ತಿ ಡೇನಾ ವೋಲ್ಮರ್‌ಗೆ ಹದಿಹರೆಯದಲ್ಲಿ ಲಾಂಗ್ ಕ್ಯೂಟಿ ಅಂದರು. ಅದೂ ಈಜುಗಾರ್ತಿಗೆ! ಮಗಳು ಈಜುವ ಕಡೆಗೆಲ್ಲ ತಾಯಿ ಎಇಡಿ ಹೊತ್ತು ಬರುತ್ತಿದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡೇನಾ ರಿಲೇ ತಂಡದಲ್ಲಿ ಚಿನ್ನ ಗೆದ್ದರು. ಎರಿಕ್ಸನ್ ಎದೆಯೊಳಗೆ ತಾನಾಗಿ ಶಾಕ್ ಕೊಡುವ ಐಸಿಡಿ ಹಾಕಿಸಿಕೊಂಡ. ಇಟಲಿ ಅದನ್ನು ಇಟ್ಟುಕೊಂಡು ಆಡಲು ಬಿಡಲಿಲ್ಲ. 2022ರಲ್ಲಿ ಇಂಗ್ಲೆಂಡಿಗೆ ಹೋಗಿ ಮತ್ತೆ ಆಡಿದ. ನಿಮ್ಮ ಮಗನಿಗೆ ಇವೇ ದಾರಿ ಅಂತಲ್ಲ. ರೋಗದ ಹೆಸರು ಕೇಳಿದ ತಕ್ಷಣ ಮನೆಯಲ್ಲಿ ಸೂತಕದ ವಾತಾವರಣ ಮಾಡಬೇಡಿ ಅಂತ ಹೇಳಿದೆ.

ಈಗ ಮಾಡಬೇಕಾದ್ದು. ಪ್ಯಾಕೇಜ್ ಬಿಡಿ. ತಾಯಿ ಮಗ ಇಬ್ಬರನ್ನೂ ಕರೆದುಕೊಂಡು ಹೋಗಿ ಮಲಗಿಸಿ ತೆಗೆಯುವ ಸಾಮಾನ್ಯ 12 ಲೀಡ್ ಇಸಿಜಿ ಮಾಡಿಸಿ. ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಆ ಎರಡು ಕಾಗದ ಹಿಡಿದು ಹಾಸನದಲ್ಲೋ ಮೈಸೂರಿನಲ್ಲೋ ಹೃದ್ರೋಗ ತಜ್ಞರನ್ನು ನೋಡಿ. ಬಾಮೈದನ ಕಥೆಯನ್ನು ಮೊದಲ ವಾಕ್ಯದಲ್ಲೇ ಹೇಳಿ. ಬಾಗಿಲ ಹತ್ತಿರ ನಿಂತು ಹೇಳಬೇಡಿ. ಎರಡೂ ಇಸಿಜಿ ನಾರ್ಮಲ್ ಬಂದರೂ ಅಲ್ಲಿಗೆ ನಿಲ್ಲಿಸುವಂತಿಲ್ಲ. ಈ ದೋಷ ಇರುವ ನಾಲ್ವರಲ್ಲಿ ಒಬ್ಬರಿಗೆ ಮಲಗಿದ್ದಾಗಿನ ಕ್ಯೂಟಿ ಸರಿಯಾಗೇ ಇರುತ್ತದೆ. ಅದಕ್ಕೇ ಆ ಟ್ರೆಡ್‌ಮಿಲ್ ಟೆಸ್ಟ್ ಬೇಕು ಅಂದಿದ್ದು. ಒಂದು ಎಕೋವನ್ನೂ ಅವರೇ ನೋಡುತ್ತಾರೆ. ಅನುಮಾನ ಉಳಿದರೆ ರಕ್ತದಿಂದ ಜೀನ್ ಪರೀಕ್ಷೆ ಇದೆ. ಅದು ಆಮೇಲಿನ ಮಾತು.

ಅಲ್ಲಿಯವರೆಗೆ ಕೆರೆ, ಬಾವಿ, ಚಾನೆಲ್‌ಗೆ ಇಳಿಯುವುದು ಬೇಡ. ಪ್ರಾಕ್ಟೀಸಿನಲ್ಲಿ ಜೋರು ಓಟವೂ ಬೇಡ, ನಡಿಗೆ ಮತ್ತು ಮೈ ಸಡಿಲಿಸುವ ವ್ಯಾಯಾಮ ಸಾಕು. ವಾಂತಿ ಭೇದಿ ಆಗಿ ಯಾವುದಾದರೂ ಕ್ಲಿನಿಕ್ಕಿಗೆ ಹೋದರೆ ‘ಕ್ಯೂಟಿ ಅನುಮಾನ ಇದೆ’ ಅಂತ ಹೇಳಿ. ವಾಂತಿ ನಿಲ್ಲಿಸುವ ಒಂಡನ್ಸೆಟ್ರಾನ್, ಕೆಮ್ಮು ಗಂಟಲಿಗೆ ಬರೆಯುವ ಅಜಿತ್ರೋಮೈಸಿನ್ ಥರದ ಮಾಮೂಲಿ ಔಷಧಗಳೇ ಕ್ಯೂಟಿಯನ್ನು ಇನ್ನೂ ಉದ್ದ ಮಾಡುತ್ತವೆ. ಮತ್ತೆ, ಲಾಂಗ್ ಕ್ಯೂಟಿ ಇರಲಿ ಬಿಡಲಿ, ಜ್ವರ ಇರುವಾಗ ಓಡಿಸಬೇಡಿ. ‘ಬೆವರಿಳಿದರೆ ಜ್ವರ ಬಿಡುತ್ತೆ’ ಅನ್ನುವ ಕೋಚ್‌ಗಳು ಇನ್ನೂ ಇದ್ದಾರೆ. ಜ್ವರ ಬಿಟ್ಟ ಮೇಲೂ ಎದೆ ನೋವು, ವಿಪರೀತ ಸುಸ್ತು ಇದ್ದರೆ ತೋರಿಸದೆ ಮೈದಾನಕ್ಕೆ ಕಳಿಸಬೇಡಿ.

ಸೆಲೆಕ್ಷನ್ ಮುಂದಿನ ತಿಂಗಳು ಅಂದಿರಿ. ಇಸಿಜಿಗೆ ಹತ್ತು ನಿಮಿಷ, ತಜ್ಞರ ಅಪಾಯಿಂಟ್‌ಮೆಂಟಿಗೆ ಹೆಚ್ಚೆಂದರೆ ವಾರ, ಟ್ರೆಡ್‌ಮಿಲ್‌ಗೆ ಒಂದು ಬೆಳಗ್ಗೆ. ದಿನ ಸಾಕಷ್ಟಿದೆ. ಎರಡೂ ಇಸಿಜಿಯ ಫೋಟೊ ನನಗೂ ಕಳಿಸಿ. ಅಮ್ಮನದ್ದು ಮರೆಯಬೇಡಿ.